ಹಂಚಿದವನ ಮೇಲೆ ಹುಚ್ಚಿನ ಖಟ್ಲೆ

ಕೆಲಸವಿಲ್ಲದ, ಹೊಲವಿಲ್ಲದ ಅಮೆರಿಕದಲ್ಲಿ ಒಬ್ಬನ ಮಡಿಲಿಗೆ ಎರಡು ಕೋಟಿ ಡಾಲರ್ ಬಿತ್ತು. ಅವನು ಅದನ್ನು ರೈತರಿಗೆ ಹಂಚಲು ಹೊರಟ. ನೆಂಟರು ಕೋರ್ಟಿಗೆಳೆದರು! ಫ್ರ್ಯಾಂಕ್ ಕ್ಯಾಪ್ರಾನ ‘ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್’ ತೆರೆಕಂಡು 90 ವರ್ಷ. ತೊಗರಿ ಗಂಜ್, ದಾಸೋಹದ ತೇರು, ಕೆಂಪು ಬಾಳೆಯ ತೋಟಗಳ ಸೀಮೆಯಲ್ಲಿ ಕೂತು ನೋಡಿದರೆ ಈ ಚಿತ್ರದಲ್ಲಿ ನಗು ಬರುವ ಜಾಗವೇ ಬೇರೆ.

ಹೋಳಿ ಮುಗಿದ ಐದನೆಯ ದಿನ. ಬಿಸಿಲು ಇಳಿಯುವ ಹೊತ್ತಿಗೆ ಕಲಬುರಗಿಯ ಶರಣಬಸವೇಶ್ವರ ಗುಡಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಜೇವರ್ಗಿ, ಆಳಂದ, ಸೇಡಂ, ಅಫಜಲಪುರ ಕಡೆಯಿಂದ ಟಂಟಂ, ಟ್ರ್ಯಾಕ್ಟರ್ ಹತ್ತಿ ಬಂದವರು ಕಟ್ಟಡಗಳ ಮಾಳಿಗೆಯ ಮೇಲೂ ತುಂಬಿದ್ದಾರೆ. ಪೀಠದವರು ಪರುಷ ಬಟ್ಟಲನ್ನು ಎತ್ತಿ ಜನರಿಗೆ ತೋರಿಸುತ್ತಾರೆ. ತೇರು ಕದಲಿದ್ದೇ ತಡ, ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ತೂರಿ ಬರುತ್ತವೆ.

ಬಾಳೆಹಣ್ಣು ಅಂದರೆ ಸಾದಾ ಬಾಳೆ. ಹುಮನಾಬಾದ್ ರಸ್ತೆಯಲ್ಲಿ ಗಂಟೆಯೊಳಗೆ ಸಿಗುವ ಕಮಲಾಪುರದ ಕೆಂಪು ಬಾಳೆಯನ್ನು ತೇರಿಗೆ ಎಸೆದವರನ್ನು ನಾನಂತೂ ಕಂಡಿಲ್ಲ. ಅದರ ರೇಟು ಕೇಳಿದರೆ ಭಕ್ತಿಯೂ ಒಂದು ಗಳಿಗೆ ಯೋಚನೆ ಮಾಡುತ್ತದೆ.

ಇಷ್ಟೆಲ್ಲ ಸಂಭ್ರಮ ಯಾರಿಗೆ? ರಾಜನಿಗಲ್ಲ, ಯುದ್ಧ ಗೆದ್ದವನಿಗಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯ ಒಬ್ಬ ಒಕ್ಕಲಿಗನಿಗೆ. 1746ರಲ್ಲಿ ಹುಟ್ಟಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವರ ಬಗ್ಗೆ ಈ ಕಡೆ ಮಕ್ಕಳೂ ಹೇಳುವ ಕಥೆ ಒಂದಿದೆ. ಜೋಳದ ತೆನೆ ಹಾಲುಗಟ್ಟಿದ ಕಾಲ. ಊರವರೆಲ್ಲ ಅಟ್ಟ ಕಟ್ಟಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರೆ ಈತ ತನ್ನ ಹೊಲಕ್ಕೆ ಬಂದ ಹಕ್ಕಿಗಳಿಗೆ ಕುಡಿಯಲು ನೀರಿಟ್ಟು, ತಿನ್ನಿರೆಂದು ಬಿಟ್ಟ. ರಾಶಿ ಮಾಡಿದಾಗ ಮಿಕ್ಕವರಿಗಿಂತ ಅವನ ಕಣದಲ್ಲೇ ಕಾಳು ಹೆಚ್ಚಿತ್ತಂತೆ.

ಆ ಕೊನೆಯ ಮಾತನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಕುತೂಹಲವಿರುವುದು ರಾಶಿಗೆ ಮುಂಚಿನ ದಿನಗಳ ಬಗ್ಗೆ. ಬೆಳೆದು ನಿಂತ ಪೈರನ್ನು ಹಕ್ಕಿಗೆ ಬಿಟ್ಟವನನ್ನು ನೋಡಿ ಪಕ್ಕದ ಹೊಲದವರು ಏನಂದಿರಬಹುದು? ಇವನಿಗೆ ತಲೆ ಕೆಟ್ಟಿದೆ ಅನ್ನದೆ ಬಿಟ್ಟಿರಲಾರರು.

ಹಾಗೆ ಅಂದವರು ಕೋರ್ಟಿಗೂ ಹೋಗಿದ್ದರೆ? 1936ರ ಏಪ್ರಿಲ್‌ನಲ್ಲಿ ಅಮೆರಿಕದ ಟಾಕೀಸುಗಳಿಗೆ ಬಂದ ಒಂದು ಕಾಮಿಡಿ ಚಿತ್ರ ಇದನ್ನೇ ಕೇಳಿ ನಗಿಸಿತು.

ತುತ್ತೂರಿ ಊದುವ ಸಾಹುಕಾರ

ವರ್ಮಾಂಟ್ ರಾಜ್ಯದ ಮೂಲೆಯಲ್ಲಿ ಮ್ಯಾಂಡ್ರೇಕ್ ಫಾಲ್ಸ್ ಎಂಬ ಕಲ್ಪಿತ ಊರು. ಅಲ್ಲಿ ಲಾಂಗ್‌ಫೆಲೋ ಡೀಡ್ಸ್ ಎಂಬ ಉದ್ದನೆಯ, ಮಾತು ಕಡಿಮೆಯ ಆಸಾಮಿ. ಕೊಬ್ಬು ಕರಗಿಸುವ ಕಾರ್ಖಾನೆಯಲ್ಲಿ ಪಾಲು, ಊರ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೈತ್ಯ ತುತ್ತೂರಿ ಊದುವ ಕೆಲಸ, ಬಿಡುವಿದ್ದಾಗ ಶುಭಾಶಯ ಪತ್ರಗಳಿಗೆ ನಾಲ್ಕು ಸಾಲು ಪದ್ಯ. ಗ್ಯಾರಿ ಕೂಪರ್ ಇವನಾಗಿ ಬಂದಿದ್ದಾನೆ.

ಒಂದು ದಿನ ನ್ಯೂಯಾರ್ಕ್‌ನಿಂದ ಕೋಟು ತೊಟ್ಟ ವಕೀಲರು ಇಳಿಯುತ್ತಾರೆ. ಇಟಲಿಯಲ್ಲಿ ಕಾರು ಅಪಘಾತವಾಗಿ ಸತ್ತ ಮಾವ ಎರಡು ಕೋಟಿ ಡಾಲರ್ ಆಸ್ತಿ ಬಿಟ್ಟುಹೋಗಿದ್ದಾನೆ, ಎಲ್ಲ ಇವನಿಗೇ. ಸುದ್ದಿ ಕೇಳಿದ ಡೀಡ್ಸ್ ಕುಣಿಯುವುದಿಲ್ಲ, ಮೂರ್ಛೆ ಹೋಗುವುದಿಲ್ಲ. ತುತ್ತೂರಿ ಎತ್ತಿ ಊದುತ್ತಾನೆ.

ನ್ಯೂಯಾರ್ಕ್‌ನ ಬಂಗಲೆಯಲ್ಲಿ ಅವನ ಆಟ ನೋಡಬೇಕು. ಮೆಟ್ಟಿಲ ಕಟಾಂಜನದ ಮೇಲೆ ಕೂತು ಜಾರುತ್ತಾನೆ. ಗೋಡೆ ಮಾರ್ದನಿಸುತ್ತದೆಂದು ತಿಳಿದ ಕೂಡಲೇ ಗಂಭೀರ ಮುಖದ ಆಳುಗಳನ್ನೆಲ್ಲ ನಿಲ್ಲಿಸಿ ಒಬ್ಬೊಬ್ಬರಿಂದಲೂ ಕೂಗಿಸುತ್ತಾನೆ. ಅಗ್ನಿಶಾಮಕ ಗಾಡಿ ಹೋಗುತ್ತಿದ್ದರೆ ಹಿಂದೆಯೇ ಓಡುತ್ತಾನೆ. ಬೀದಿಯ ಕುದುರೆಗೆ ಡೋನಟ್ ತಿನ್ನಿಸುತ್ತಾ ಹೋಗುತ್ತಾನೆ, ಎಷ್ಟು ತಿಂದ ಮೇಲೆ ಅದು ಕಾಫಿ ಕೇಳೀತು ಎಂದು ನೋಡಲು.

ಇದೆಲ್ಲ ಮರುದಿನ ಪೇಪರಿನ ಮುಖಪುಟದಲ್ಲಿ ಬರುತ್ತದೆ. ಬರೆಯುವವಳು ಬೇಬ್ ಬೆನೆಟ್ ಎಂಬ ವರದಿಗಾರ್ತಿ, ನಟಿ ಜೀನ್ ಆರ್ಥರ್. ಹೊಟ್ಟೆಗಿಲ್ಲದ ನಿರುದ್ಯೋಗಿಯಂತೆ ನಟಿಸಿ ಬೀದಿಯಲ್ಲಿ ತಲೆಸುತ್ತಿ ಬಿದ್ದು ಅವನ ಗೆಳೆತನ ಗಿಟ್ಟಿಸಿದವಳು. ಈ ಸುದ್ದಿ ತಂದರೆ ಸಂಬಳಸಹಿತ ಒಂದು ತಿಂಗಳು ರಜೆ ಎಂದು ಸಂಪಾದಕ ಆಸೆ ತೋರಿಸಿರುತ್ತಾನೆ. ಪತ್ರಿಕೆಯವರ ಬಗ್ಗೆ ಪತ್ರಿಕೆಯಲ್ಲಿ ಇದಕ್ಕಿಂತ ಹೆಚ್ಚು ಬರೆಯುವುದು ಕ್ಷೇಮವಲ್ಲ. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಅವಳಿಗೆ ಅವನ ಮೇಲೆ ಮನಸ್ಸಾಗುತ್ತದೆ, ಅವನಿಗೆ ಅವಳು ಯಾರೆಂದು ಗೊತ್ತಾಗುತ್ತದೆ. ಈ ಪ್ರೇಮದ ಭಾಗ ಸೊಗಸಾಗಿದೆ, ಆದರೆ ಅಂಥದ್ದು ನೂರು ಚಿತ್ರಗಳಲ್ಲಿದೆ.

ನೂರು ಚಿತ್ರಗಳಲ್ಲಿ ಇಲ್ಲದ್ದು ಆಮೇಲಿನ ದೃಶ್ಯ.

ಪಿಸ್ತೂಲು ಹಿಡಿದು ಬಂದ ರೈತ

ಮನಸ್ಸು ಮುರಿದ ಡೀಡ್ಸ್ ಊರಿಗೆ ಹೊರಟು ನಿಂತಾಗ ಮಾಸಿದ ಬಟ್ಟೆಯ ಒಬ್ಬ ಬಂಗಲೆಗೆ ನುಗ್ಗುತ್ತಾನೆ. ಹೊಲ ಕಳೆದುಕೊಂಡ ರೈತ. ನಮ್ಮಂಥವರು ರೊಟ್ಟಿಗೆ ಸಾಲು ನಿಂತಿರುವಾಗ ನೀನು ಕುದುರೆಗೆ ಡೋನಟ್ ತಿನ್ನಿಸುತ್ತೀಯಾ ಎಂದು ಚೀರುತ್ತಾನೆ. ಕೈಯಲ್ಲಿ ಪಿಸ್ತೂಲು. ಗುಂಡು ಹಾರುವುದಿಲ್ಲ. ಅವನೇ ಕುಸಿದು ಅಳುತ್ತಾನೆ, ಕ್ಷಮೆ ಕೇಳುತ್ತಾನೆ. ಡೀಡ್ಸ್ ಅವನನ್ನು ಕೂರಿಸಿ ಊಟ ಹಾಕಿಸುತ್ತಾನೆ. ಆಕಳಿಸುತ್ತ ಪಾಪ್‌ಕಾರ್ನ್ ಮೆಲ್ಲುತ್ತಿದ್ದ ಪ್ರೇಕ್ಷಕನೂ ಇಲ್ಲಿ ನೆಟ್ಟಗೆ ಕೂರುತ್ತಾನೆ. ತಮಾಷೆಯ ಚಿತ್ರವೊಂದು ತನ್ನ ತಮಾಷೆಗೇ ಲೆಕ್ಕ ಕೇಳುವುದು ಅಪರೂಪ.

ಆ ರೈತನನ್ನು ಚಿತ್ರಕಥೆಗಾರ ರಾಬರ್ಟ್ ರಿಸ್ಕಿನ್ ಗಾಳಿಯಿಂದ ಹಿಡಿದು ತಂದಿರಲಿಲ್ಲ. 1929ರ ಕುಸಿತದ ನಂತರ 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಹೊಲ ಜಪ್ತಿ ಮಾಡುತ್ತಿದ್ದವು. ಅದರ ಮೇಲೆ ಬರ. ಉತ್ತು ಉತ್ತು ಸಡಿಲವಾದ ಬಯಲು ಸೀಮೆಯ ಮಣ್ಣನ್ನು ಗಾಳಿ ಎತ್ತಿಕೊಂಡು ಹೋಗುತ್ತಿತ್ತು. 1935ರ ಏಪ್ರಿಲ್ 14ರಂದು ಎದ್ದ ಧೂಳು ಹಗಲನ್ನೇ ಕತ್ತಲು ಮಾಡಿತು, ಜನ ಅದಕ್ಕೆ ಕರಾಳ ಭಾನುವಾರ ಎಂದೇ ಹೆಸರಿಟ್ಟರು. ಊರು ಬಿಟ್ಟ ರೈತರಿಗೆ ಬೇರೆಡೆ ನೆಲೆ ಕಲ್ಪಿಸಲು ಅದೇ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಇಲಾಖೆಯನ್ನೇ ತೆರೆದಿದ್ದರು.

ಸರ್ಕಾರ ಮಾಡಹೊರಟದ್ದನ್ನು ಡೀಡ್ಸ್ ತನ್ನ ಗಂಟಿನಿಂದ ಮಾಡುತ್ತಾನೆ. 1 ಕೋಟಿ 80 ಲಕ್ಷ ಡಾಲರ್ ತೆಗೆದಿಟ್ಟು ಹತ್ತತ್ತು ಎಕರೆಯ ಹೊಲ, ಒಂದು ಕುದುರೆ, ಒಂದು ಆಕಳು, ಒಂದಿಷ್ಟು ಬೀಜ ಕೊಡುತ್ತೇನೆ, ಮೂರು ವರ್ಷ ದುಡಿದರೆ ಹೊಲ ನಿಮ್ಮದು ಎನ್ನುತ್ತಾನೆ. ಬಂಗಲೆಯ ಮುಂದೆ ಸಾಲು ಬೆಳೆಯುತ್ತದೆ.

ಕುದುರೆಗೆ ಡೋನಟ್ ತಿನ್ನಿಸಿದಾಗ ಸುಮ್ಮನಿದ್ದ ಲೋಕ ಈಗ ಎದ್ದು ನಿಲ್ಲುತ್ತದೆ. ದುಂದು ಮಾಡಿದರೆ ಶ್ರೀಮಂತರ ಶೋಕಿ, ಹಂಚಿದರೆ ಹುಚ್ಚು!

> ಯಾರೀ ಕ್ಯಾಪ್ರಾ?
>
> 1897ರಲ್ಲಿ ಸಿಸಿಲಿಯಲ್ಲಿ ಹುಟ್ಟಿ, ಆರರ ಹುಡುಗನಾಗಿ ಹಡಗು ಹತ್ತಿ ಅಮೆರಿಕಕ್ಕೆ ಬಂದವನು. ಲಾಸ್ ಏಂಜಲೀಸ್ ಬೀದಿಯಲ್ಲಿ ಪೇಪರ್ ಮಾರಿ, ಕೆಮಿಕಲ್ ಎಂಜಿನಿಯರಿಂಗ್ ಓದಿ, ಕೊನೆಗೆ ಸಿನಿಮಾಕ್ಕೆ ಬಂದ.
>
> ಈ ಚಿತ್ರದ ನಿರ್ದೇಶನಕ್ಕೆ ಸಿಕ್ಕಿದ್ದು ಅವನ ಎರಡನೆಯ ಆಸ್ಕರ್. ಚಿತ್ರಕ್ಕೆ ಒಟ್ಟು ಐದು ನಾಮನಿರ್ದೇಶನಗಳಿದ್ದವು.
>
> ಕಥೆಯ ಮೂಲ ಕ್ಲಾರೆನ್ಸ್ ಬಡಿಂಗ್ಟನ್ ಕೆಲ್ಲಂಡ್ ಬರೆದ ‘ಆಪೆರಾ ಹ್ಯಾಟ್’.
>
> ನಾಯಕಿಯಾಗಬೇಕಿದ್ದ ಕ್ಯಾರಲ್ ಲೊಂಬಾರ್ಡ್ ಶೂಟಿಂಗ್ ಹೊಸ್ತಿಲಲ್ಲಿ ಬೇರೆ ಚಿತ್ರಕ್ಕೆ ಹೋದಳು. ಆ ಜಾಗಕ್ಕೆ ಬಂದವಳು ಜೀನ್ ಆರ್ಥರ್.
>
> 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಅಮೆರಿಕದ ಪ್ರತಿನಿಧಿಯಾಗಿ ಬಂದಿದ್ದ.

ಹತ್ತು ದಿನದ ಅಂತರ

ಕ್ಯಾಪ್ರಾಗೆ ಆಸ್ಕರ್ ಕೊಟ್ಟದ್ದು 1937ರ ಮಾರ್ಚ್ 4ರಂದು. ಅದಕ್ಕೆ ಹತ್ತು ದಿನ ಮೊದಲು, ಫೆಬ್ರುವರಿ 22ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಕಲಬುರಗಿಯ ದೊರೆ ಕಾಣಿಸಿಕೊಂಡಿದ್ದ! ಆಗ ಗುಲ್ಬರ್ಗಾ ಹೈದರಾಬಾದ್ ಸಂಸ್ಥಾನದ ಒಂದು ಸುಬಾ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಜಗತ್ತಿನ ಅತಿ ಶ್ರೀಮಂತ ಎಂದು ಆ ಪತ್ರಿಕೆ ಸಾರಿತು. ನಿಂಬೆಗಾತ್ರದ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಮೇಲಿಡಲು ಬಳಸುತ್ತಿದ್ದನೆಂದು ಹೆಸರಾದವನು. ಜುಗ್ಗತನಕ್ಕೂ ಅಷ್ಟೇ ಹೆಸರಾದವನು.

ಎರಡು ಕೋಟಿಯ ಡೀಡ್ಸ್ ಆ ಖಜಾನೆಯ ಮುಂದೆ ಬಡವನೇ. ಉಸ್ಮಾನಿಯಾ ವಿಶ್ವವಿದ್ಯಾಲಯ ಕಟ್ಟಿದ, ಆಸ್ಪತ್ರೆ ಕಟ್ಟಿದ ಲೆಕ್ಕ ನಿಜಾಮನ ಪರವಾಗಿ ಇದೆ ನಿಜ. ಆದರೆ ಹೊಲ? ಜಾಗೀರುಗಳ ನೆಲವನ್ನು ಉತ್ತವನು ಒಬ್ಬ, ಉಂಡವನು ಇನ್ನೊಬ್ಬ. ಜಾಗೀರು ರದ್ದಾದದ್ದು ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷ, 1949ರಲ್ಲಿ. ಗೇಣಿದಾರರಿಗೆ ರಕ್ಷಣೆ ಕೊಟ್ಟ ಹೈದರಾಬಾದ್ ಕಾಯ್ದೆ ಬಂದದ್ದು 1950ರಲ್ಲಿ. 1951ರ ಏಪ್ರಿಲ್ 18ರಂದು ಅದೇ ಹೈದರಾಬಾದ್ ರಾಜ್ಯದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರ ಮುಂದೆ ವೆದಿರೆ ರಾಮಚಂದ್ರ ರೆಡ್ಡಿ ಎದ್ದು ನಿಂತು ನೂರು ಎಕರೆ ಕೊಡುತ್ತೇನೆಂದರು. ಭೂದಾನ ಚಳವಳಿ ಹುಟ್ಟಿದ್ದು ಹಾಗೆ. ಸಿನಿಮಾದ ಡೀಡ್ಸ್‌ಗೆ ಹತ್ತಿರದ ನಿಜವಾದ ನೆಂಟನನ್ನು ಹುಡುಕಿದರೆ ನಮ್ಮ ಹಳೇ ರಾಜ್ಯದಲ್ಲೇ ಸಿಗುತ್ತಾನೆ.

ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣೆ, 1974. ಕರಾವಳಿ, ಮಲೆನಾಡಿಗೆ ದಕ್ಕಿದಷ್ಟು ಅದರ ಫಲ ನಮ್ಮ ಕಡೆಗೆ ದಕ್ಕಲಿಲ್ಲ. ಅದು ಬೇರೆಯೇ ಪುರವಣಿಗೆ ಆಗುವ ಕಥೆ.

ಗಂಜ್‌ನಲ್ಲಿ ಸಿರಿ ಬಂದದ್ದು ಯಾರಿಗೆ?

ಕಷ್ಟಕಾಲದಲ್ಲಿ ಹಠಾತ್ತನೆ ಸಿರಿ ಬರುವುದು ನಮ್ಮಲ್ಲಿ ಮಾವನ ಉಯಿಲಿನಿಂದಲ್ಲ, ತೊಗರಿಯಿಂದ. ಜೂನ್, ಜುಲೈನಲ್ಲಿ ಬಿತ್ತಿ, ಆರು ತಿಂಗಳು ಮುಗಿಲು ನೋಡಿ, ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡಿದ ಕಾಳು ಕಲಬುರಗಿಯ ಮಾರುಕಟ್ಟೆ ನೆಹರು ಗಂಜ್‌ಗೆ ಬರುತ್ತದೆ. ಹಮಾಲರು ಚೀಲ ಬಿಚ್ಚಿ ಸುರಿಯುತ್ತಾರೆ. ಖರೀದಿದಾರ ಬಂದು ಬೊಗಸೆ ತುಂಬ ಎತ್ತಿ ಬೆರಳ ಸಂದಿಯಿಂದ ಸೋರಬಿಡುತ್ತಾನೆ, ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾನೆ. ಕಟ್ ಎಂದರೆ ಒಣಗಿದೆ. ಮೆತ್ತಗಾದರೆ ಹಸಿ, ರೇಟು ಇಳಿಯಿತು. ಆ ಒಂದು ಸಪ್ಪಳಕ್ಕಾಗಿ ರೈತ ಉಸಿರು ಹಿಡಿದು ನಿಂತಿರುತ್ತಾನೆ. ಬಿತ್ತನೆಗೆ ಅಡತಿಯವರಿಂದ ತಂದ ರೊಕ್ಕ, ಬಡ್ಡಿ, ಹಮಾಲಿ ಎಲ್ಲ ಮುರಿದು ಉಳಿದದ್ದು ಅವನ ಕೈಗೆ.

2015 ನೆನಪಿದೆಯೇ? ಬರದ ವರ್ಷ. ದೀಪಾವಳಿ ಹೊತ್ತಿಗೆ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ತೊಗರಿ ಕಣಜದವರು ಸಾಹುಕಾರರಾದರು ಎಂದು ಬೆಂಗಳೂರಿನ ನೆಂಟರು ಫೋನ್ ಮಾಡಿ ಅಭಿನಂದಿಸಿದರು. ಆಗಬೇಕಾದರೆ ಕಾಳು ಮನೆಯಲ್ಲಿರಬೇಕಲ್ಲ? ಜನವರಿಯಲ್ಲಿ ಸಾಲ ತೀರಿಸಲು ಮಾರಿದವನ ಹತ್ತಿರ ಅಕ್ಟೋಬರ್‌ಗೆ ಉಳಿದಿದ್ದು ಬೀಜದ ಕಾಳು, ಅಷ್ಟೇ. ಸಿರಿ ಬಂದದ್ದು ಗೋದಾಮಿಗೆ. ಸರ್ಕಾರ ದಾಸ್ತಾನಿಗೆ ಮಿತಿ ಹಾಕಿತು, ದೇಶದಾದ್ಯಂತ ಗೋದಾಮುಗಳ ಮೇಲೆ ದಾಳಿ ನಡೆಯಿತು.

ಆ ರೇಟು ನೋಡಿ ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಬಂತು, ಬೆಳೆಯೂ ಬಂತು, ರೇಟು ಬಿತ್ತು. ಕ್ವಿಂಟಲ್‌ಗೆ ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆಗಾಗಿ ಖರೀದಿ ಕೇಂದ್ರಗಳ ಮುಂದೆ ದಿನಗಟ್ಟಲೆ ಸರದಿ. ಬರ ಬಂದರೂ ಸೋಲು, ಬೆಳೆ ಬಂದರೂ ಸೋಲು. 2019ರಲ್ಲಿ ಇಲ್ಲಿನ ಬೇಳೆಗೆ ಭೌಗೋಳಿಕ ಗುರುತು ಬಂತು, 2022ರಲ್ಲಿ ನೆಟೆ ರೋಗ ಬಂತು, 2025ರ ಮಳೆಗಾಲದಲ್ಲಿ ಭೀಮೆಯೇ ಹೊಲಕ್ಕೆ ಬಂದಳು.

ಆದ್ದರಿಂದಲೇ ನಮ್ಮ ಕಡೆಯ ರಂಗಭೂಮಿಗೆ ಸಾಹುಕಾರ ಎಂದರೆ ಎಂದೂ ಮುಗಿಯದ ಸರಕು. ಬಾಗಲಕೋಟೆ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ ಕಂಪನಿಗಳ ಹೊಟ್ಟೆ ತುಂಬಿಸಿತು. 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಸಿನಿಮಾ ಮಾಡಿದರು. ರಾಜ್‌ಕುಮಾರ್ ಎಮ್ಮೆ ಏರಿ ಹಾಡಿದ್ದು, ಅಲ್ಲಿಂದ ಅವರು ತಮ್ಮ ಹಾಡು ತಾವೇ ಹಾಡುವುದು ರೂಢಿಯಾದದ್ದು ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಕ್ಯಾಪ್ರಾ ಮತ್ತು ಧುತ್ತರಗಿ ಇಬ್ಬರದೂ ಒಂದೇ ಮನೆತನ. ವ್ಯತ್ಯಾಸ ಇಷ್ಟೇ: ಹಾಲಿವುಡ್ ಬಡವನ ಕೈಗೆ ಎರಡು ಕೋಟಿ ಕೊಟ್ಟು ನೋಡಿತು. ನಮ್ಮ ಕಂಪನಿ ನಾಟಕಕ್ಕೆ ಅಷ್ಟು ನಂಬಿಕೆ ಬರಲಿಲ್ಲ, ಅದು ಸಾಹುಕಾರನ ಸೊಕ್ಕು ಇಳಿಸುವುದರಲ್ಲೇ ತೃಪ್ತಿ ಪಟ್ಟಿತು.

> ನಮ್ಮ ಎರಡು ಕೋಟಿ: ಲಾಟರಿ
>
> ಕೇರಳ 1967ರಲ್ಲಿ ಸರ್ಕಾರಿ ಲಾಟರಿಗೆ ದಾರಿ ತೋರಿಸಿತು. ಹಿಂದೆಯೇ ನಮ್ಮ ರಾಜ್ಯವೂ ಇಳಿಯಿತು.
>
> ಬಸ್‌ಸ್ಟ್ಯಾಂಡ್‌ಗಳಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಬಿಟ್ಟ ಟಿಕೆಟ್, ಸೈಕಲ್ಲಿಗೆ ಕಟ್ಟಿದ ಧ್ವನಿವರ್ಧಕ, ಮರುದಿನ ಪೇಪರಿನಲ್ಲಿ ನಂಬರು ಹುಡುಕುವ ಬೆರಳು: ಒಂದು ತಲೆಮಾರು ಹೀಗೇ ಕಳೆಯಿತು.
>
> 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು.

ಕಮಲಾಪುರದಲ್ಲಿ ಒಂದು ಖಾಸಗಿ ಪ್ರದರ್ಶನ

ಈ ಚಿತ್ರವನ್ನು ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಸಿನಿಮಾ ಗೊತ್ತಿದ್ದವರಿಗಲ್ಲ, ಹೊಲ ಗೊತ್ತಿದ್ದವರಿಗೆ. ಲ್ಯಾಪ್‌ಟಾಪ್ ಹಿಡಿದು ಕಮಲಾಪುರಕ್ಕೆ ಹೋದೆ. 2018ರಲ್ಲಿ ತಾಲ್ಲೂಕಾದ ಈ ಊರನ್ನು ಹೊರಗಿನವರು ಬಲ್ಲದ್ದು ಕೆಂಪು ಬಾಳೆಯಿಂದ. ತಾಮ್ರದ ಬಣ್ಣದ ದಪ್ಪ ಸಿಪ್ಪೆ, ಒಳಗೆ ಕೆನೆ ಬಣ್ಣದ ಘಮಘಮ ತಿರುಳು. ಅದಕ್ಕೂ ಭೌಗೋಳಿಕ ಗುರುತಿದೆ. ಸಾದಾ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಗಿಡ ಎತ್ತರ, ಗಾಳಿಗೆ ಊರುಗೋಲು ಬೇಕು, ನೀರು ತಪ್ಪುವಂತಿಲ್ಲ. ಶ್ರೀಮಂತರ ಹಣ್ಣು ಎಂಬ ಹೆಸರು ತಿನ್ನುವವರನ್ನು ನೋಡಿ ಬಂದದ್ದು, ಬೆಳೆಯುವವರನ್ನು ನೋಡಿ ಅಲ್ಲ.

ತೋಟದ ಮೋಟಾರ್ ಖೋಲಿಯಲ್ಲಿ ಕರೆಂಟ್ ಹೋಗಿತ್ತು. ಬಿಡುವಿದ್ದ ಕಾಕಾ ಒಬ್ಬರು ಟವೆಲ್ ಹಾಸಿ ಕೂತರು. ಇಂಗ್ಲಿಷ್ ಮಾತು ಬಂದಲ್ಲೆಲ್ಲ ನಾನು ಹೇಳುತ್ತ ಹೋದೆ. ಕುದುರೆಯ ಡೋನಟ್‌ಗೆ ಅವರು ನಗಲಿಲ್ಲ. ಪಿಸ್ತೂಲಿನ ರೈತ ಕುಸಿದಾಗ ಬಾಯಲ್ಲಿದ್ದ ಅಡಿಕೆ ಜಗಿಯುವುದು ನಿಂತಿತು. ಹತ್ತು ಎಕರೆ, ಕುದುರೆ, ಆಕಳು, ಬೀಜ ಎಂದಾಗ ಕೈ ಎತ್ತಿ ನಿಲ್ಲಿಸಿದರು.

“ಹತ್ತ ಎಕರೆ ಕೊಟ್ಟಾನ, ಖರೆ. ನೀರು?”

“ಅದನ್ನ ಹೇಳಿಲ್ಲ ಕಾಕಾ.”

“ಬಾವಿ ಇಲ್ಲಂದ್ರ ಆಕಳ ಏನ್ ಕುಡೀತದ ತಮ್ಮಾ?”

ತೊಂಬತ್ತು ವರ್ಷಗಳಲ್ಲಿ ಈ ಚಿತ್ರದ ಬಗ್ಗೆ ಬಂದ ವಿಮರ್ಶೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಕ್ಯಾಪ್ರಾ ಭಾವುಕ, ಬಡತನಕ್ಕೆ ಒಬ್ಬ ಒಳ್ಳೆಯ ಶ್ರೀಮಂತನೇ ಮದ್ದು ಎನ್ನುವವನು ಎಂದು ಪಂಡಿತರು ಅವನನ್ನು ಝಾಡಿಸಿದ್ದಾರೆ. ಕಾಕಾ ಹಾಕಿದ ಪ್ರಶ್ನೆಯನ್ನು ಅವರಲ್ಲಿ ಯಾರೂ ಹಾಕಿದ್ದು ಕಾಣೆ.

ಕೋರ್ಟಿನ ದೃಶ್ಯ ಬಂತು. ಇದು ಹಾಲಿವುಡ್‌ನ ಅತ್ಯುತ್ತಮ ನಗೆ ಪ್ರಸಂಗಗಳಲ್ಲೊಂದು. ಸತ್ತ ಮಾವನ ವಕೀಲ ಸೀಡರ್ ಆ ಆಸ್ತಿಯಲ್ಲಿ ಐದು ಲಕ್ಷ ಡಾಲರ್ ನುಂಗಿ ಕೂತಿದ್ದಾನೆ, ಲೆಕ್ಕ ಹೊರಬಿದ್ದರೆ ಜೈಲು. ಅದಕ್ಕೇ ಸತ್ತವನ ನೆಂಟರನ್ನು ಮುಂದೆ ಮಾಡಿ ಡೀಡ್ಸ್‌ಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ದಾವೆ ಹೂಡಿಸಿದ್ದಾನೆ. ವಿಯೆನ್ನಾದ ಮನೋವೈದ್ಯ ಏರಿಳಿತದ ನಕ್ಷೆ ಹಿಡಿದು ವ್ಯಾಖ್ಯಾನ ಮಾಡುತ್ತಾನೆ. ಮ್ಯಾಂಡ್ರೇಕ್ ಫಾಲ್ಸ್‌ನಿಂದ ಬಂದ ಇಬ್ಬರು ಮುದಿ ಅಕ್ಕತಂಗಿಯರು ಹೌದು, ಹುಡುಗನಿಗೆ ಗಾಳಿ ಬಡಿದಿದೆ ಎನ್ನುತ್ತಾರೆ. ಡೀಡ್ಸ್ ಬಾಯಿಯೇ ಬಿಡುವುದಿಲ್ಲ. ಸೋತೇ ಹೋದ ಅನ್ನುವಾಗ ಎದ್ದು ನಿಂತು ಸುತ್ತ ತೋರಿಸುತ್ತಾನೆ: ನ್ಯಾಯಾಧೀಶರು ಕಾಗದದ ಮೇಲಿನ ‘ಓ’ ಅಕ್ಷರಗಳ ಹೊಟ್ಟೆ ತುಂಬಿಸುತ್ತಾ ಕೂತಿದ್ದಾರೆ, ಮನೋವೈದ್ಯರು ವಿಚಿತ್ರ ಗೊಂಬೆ ಬರೆದಿದ್ದಾರೆ, ತುತ್ತೂರಿ ನನ್ನ ಚಾಳಿ, ಇವು ನಿಮ್ಮವು. ಆ ಅಕ್ಕತಂಗಿಯರನ್ನು ಕೇಳಿದರೆ, ಊರಲ್ಲಿ ಎಲ್ಲರಿಗೂ ಗಾಳಿ ಬಡಿದಿದೆ, ನಮ್ಮಿಬ್ಬರನ್ನು ಬಿಟ್ಟು!

ಕಾಕಾ ತೊಡೆ ತಟ್ಟಿ ನಕ್ಕದ್ದು ಇಲ್ಲಿ. “ಊರ ಅಂದ್ರ ಹಂಗೇ ನೋಡು.”

ಈ ಕೋರ್ಟಿಗೆ ಬಂದ ಅತಿ ಸ್ವಸ್ಥ ಮನುಷ್ಯ ಇವನೇ ಎಂದು ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ರೈತರು ಡೀಡ್ಸ್‌ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಚಿತ್ರ ಮುಗಿಯಿತು. ಹಾಡು ಪಾಡು ಮುಗಿದ ಮೇಲೂ ಕಾಕಾ ಏಳಲಿಲ್ಲ.

“ಆ ವಕೀಲಗ ಏನಾತು?”

“ಡೀಡ್ಸ್ ಒಂದ್ ಗುದ್ದು ಕೊಟ್ಟನಲ್ಲ, ಮುಖಕ್ಕ.”

“ಅದು ನೋಡಿನಿ. ರೊಕ್ಕ ತಿಂದದ್ದು? ವಸೂಲಿ?”

“ಪಿಕ್ಚರ್‌ದಾಗ ತೋರಿಸಿಲ್ಲ.”

“ತೋರಸಂಗಿಲ್ಲ ಬಿಡು,” ಎಂದು ಟವೆಲ್ ಕೊಡವಿ ಎದ್ದರು. ತ್ರೀಫೇಸ್ ಬಂದಿತ್ತು. ಕರೆಂಟ್ ಮತ್ತೆ ಹೋಗುವ ಮೊದಲು ಬಾಳೆಗೆ ನೀರು ಹಾಯಿಸಬೇಕಿತ್ತು.